ಬ್ರೇಕಮ್ಮ ಸಾಲ ತೀರಿಸಿದ್ದು

ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು, ಚೆನ್ನಾಗಿಯೂ ಇತ್ತು. ಆದರೆ ಡ್ರೈವಿಂಗ್ ಶಾಲೆ ತೆರೆದು ಎರಡು ವರ್ಷವಾಗುವಷ್ಟರಲ್ಲಿ ಜನ ಅದನ್ನು ಮರೆತೇಬಿಟ್ಟರು. ಬ್ರೇಕಮ್ಮ ಎಂದರೆ ಸಾಕು, ಬಸ್ ಡಿಪೋದ ಹಿಂದಿನ ಬೀದಿಯಲ್ಲಿ ಯಾರು ಬೇಕಾದರೂ ಮನೆ ತೋರಿಸುತ್ತಿದ್ದರು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನ ಕೆಳಗೂ ಒಂದು ಬ್ರೇಕು ಇರುತ್ತದಲ್ಲ, ಕಲಿಯುವವರು ತಪ್ಪಿದರೆ ಕಲಿಸುವವರು ಒತ್ತಲಿ ಎಂದು? ಬೇರೆಯವರು ತಪ್ಪಿದ ಮೇಲೆ ಒತ್ತುತ್ತಾರೆ. ಇವಳು ತಪ್ಪುವ ಮೊದಲೇ ಒತ್ತುತ್ತಿದ್ದಳು. ಬೀದಿಯ ಆ ತುದಿಯಲ್ಲಿ ನಾಯಿಯೊಂದು ಬಾಲ ಅಲ್ಲಾಡಿಸಿದರೂ ಸಾಕು, ಕಾರು ಗಕ್ಕನೆ ನಿಂತು, ಕಲಿಯುವವರ ಹಣೆ ಸ್ಟೀರಿಂಗಿಗೆ ನಮಸ್ಕಾರ ಮಾಡಿ ಬರುತ್ತಿತ್ತು.

"ಮೇಡಂ, ನಾಯೀನ ನಾನೂ ನೋಡಿದ್ದೆ," ಎಂದು ಯಾರಾದರೂ ಹಣೆ ಉಜ್ಜಿಕೊಳ್ಳುತ್ತ ಹೇಳಿದರೆ, "ನೀವು ನೋಡಿದ್ದು ನನಗೆ ಹೇಗ್ರೀ ಗೊತ್ತಾಗಬೇಕು?" ಎನ್ನುವಳು. ವಾದಿಸಿ ಗೆದ್ದವರಿಲ್ಲ.

ಇದು ಕಾರಿನೊಳಗೇ ಮುಗಿದಿದ್ದರೆ ಹೇಳುವುದಕ್ಕೆ ಕಥೆಯೇ ಇರುತ್ತಿರಲಿಲ್ಲ. ಮನೆಯಲ್ಲೂ ಅದೇ ಪಾಡು. ಹಾಲು ಉಕ್ಕುವುದಿರಲಿ, ಬಿಸಿಯಾಗುವ ಮೊದಲೇ ಒಲೆ ಆರಿಸುವಳು. ಟಿವಿಯಲ್ಲಿ ಪೊಲೀಸರು ಬಾಗಿಲು ತಟ್ಟುವ ಮುಂಚೆಯೇ ಕಳ್ಳ ಯಾರೆಂದು ಹೇಳಿ ಎದ್ದುಹೋಗುವಳು. ಎದುರಿನವರು ಬಾಯಿ ತೆರೆದರೆ ಉಳಿದರ್ಧ ಮಾತನ್ನು ತಾನೇ ಮುಗಿಸಿಕೊಡುವಳು. ಹೆಚ್ಚಿನ ಸಲ ಸರಿಯಾಗಿಯೇ ಮುಗಿಸುತ್ತಿದ್ದಳು, ಅದೇ ತೊಂದರೆಯಾಗಿದ್ದು. ತಪ್ಪಿದ್ದರೆ ಯಾರಾದರೂ ತಿದ್ದುತ್ತಿದ್ದರು.

ಗಂಡ ಇದಕ್ಕೆ ತದ್ವಿರುದ್ಧ. ನಗರಕ್ಕೆ ನೀರು ಬಿಡುವ ಪಂಪ್‌ಹೌಸಿನಲ್ಲಿ ಅವನಿಗೆ ಕೆಲಸ. ಅಲ್ಲಿ ಬಂಡಿಗಾಲಿಯಷ್ಟು ದೊಡ್ಡ ಚಕ್ರ ತಿರುಗಿಸಿ ನೀರು ಬಿಡಬೇಕು, ಅದೂ ನಿಧಾನವಾಗಿ. ಅವಸರ ಮಾಡಿದರೆ ನೀರು ಒಳಗಿಂದ ಗುದ್ದಿ ಪೈಪು ಒಡೆಯುತ್ತದೆ. ಅಷ್ಟು ವರ್ಷ ಅದನ್ನೇ ಮಾಡಿ ಮಾಡಿ ಅವನು ಮಾತನ್ನೂ ಹಾಗೇ ಬಿಡುವುದನ್ನು ಕಲಿತಿದ್ದ. ಒಂದು ಸುತ್ತು ತಿರುಗಿಸಿ, ನಿಂತು, ಕಿವಿಗೊಟ್ಟು, ಮತ್ತೊಂದು ಸುತ್ತು. "ಅಲ್ಲ ಕಣೇ, ನಾನು ಏನಂತೀನಿ ಅಂದ್ರೆ..." ಎಂದು ಅವನು ಶುರುಮಾಡಿದರೆ ಬ್ರೇಕಮ್ಮ ಅಷ್ಟರಲ್ಲಿ ಎರಡು ಕೆಲಸ ಮುಗಿಸಿ, ಅವನ ಮಾತನ್ನೂ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಟಿರುತ್ತಿದ್ದಳು. ಮಗಳೊಬ್ಬಳು ಹಾಸ್ಟೆಲಿನಲ್ಲಿ ಓದುತ್ತಿದ್ದಳು. ಅವಳು ಫೋನಿನಲ್ಲಿ ಅಮ್ಮನ ಹತ್ತಿರ ಸುದ್ದಿ ಕೇಳಿಕೊಂಡು, ಅಪ್ಪನ ಹತ್ತಿರ ಸುಮ್ಮನೆ ಇರುವುದಕ್ಕೆ ಅವನ ಕೈಗೆ ಫೋನು ಕೊಡು ಎನ್ನುತ್ತಿದ್ದಳು.

ಅವರದು ಮಹಡಿಯ ಮೇಲಿನ ಎರಡು ಕೋಣೆಯ ಮನೆ. ಹೊರಗಿನಿಂದ ಕಬ್ಬಿಣದ ಮೆಟ್ಟಿಲು, ಅಡುಗೆಮನೆಯ ಕಿಟಕಿ ತೆರೆದರೆ ಡಿಪೋದ ಬಸ್ಸುಗಳ ತಲೆಗಳು. ಹನ್ನೊಂದು ವರ್ಷದ ಹಿಂದೆ ಬ್ಯಾಂಕಿನ ಸಾಲದಲ್ಲಿ ಕೊಂಡದ್ದು. ಸಾಲದ ಕಂತು ಗಂಡನ ಸಂಬಳ ಕೈಗೆ ಬರುವ ಮೊದಲೇ ಕಡಿತವಾಗುತ್ತಿತ್ತು. ಮನೆಯ ಖರ್ಚು, ಮಗಳ ಫೀಸು ಎಲ್ಲ ಬ್ರೇಕಮ್ಮನ ಸಂಪಾದನೆಯಲ್ಲಿ. ಅದರಲ್ಲೇ ಅವಳು ಹಿಡಿಹಿಡಿಯಾಗಿ ಎತ್ತಿಟ್ಟಳು. ಎತ್ತಿಟ್ಟು ಎತ್ತಿಟ್ಟು, ಒಂದು ದಿನ ನೋಡಿದರೆ, ಸಾಲದಲ್ಲಿ ಉಳಿದಿರುವುದೂ ಅವಳ ಉಳಿತಾಯವೂ ಹೆಚ್ಚು ಕಡಿಮೆ ಸಮವಾಗಿದ್ದವು.

ಅವತ್ತಿನಿಂದ ಅವಳು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಒಂದೇ ಸಲಕ್ಕೆ ಕಟ್ಟಿ ಕೈ ತೊಳೆದುಕೊಂಡರೆ ಇನ್ನೂ ಒಂಬತ್ತು ವರ್ಷದ ಕಂತು ತಪ್ಪುತ್ತದೆ, ಮನೆ ಪೂರ್ತಿ ತಮ್ಮದಾಗುತ್ತದೆ. ಕಟ್ಟಿದರೆ ಕೈಯಲ್ಲಿ ಚಿಲ್ಲರೆಯೂ ಉಳಿಯುವುದಿಲ್ಲ. ಒಂದು ಹೊತ್ತು ಕಟ್ಟಿಬಿಡೋಣ ಅನ್ನಿಸುವುದು, ಇನ್ನೊಂದು ಹೊತ್ತು ಎದೆ ಝಲ್ಲೆನ್ನುವುದು. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುವಳು, ಬೀಗ ಹಾಕಿದ ಬಾಗಿಲನ್ನು ಮತ್ತೆ ಜಗ್ಗಿ ನೋಡುವಳು.

ಇಷ್ಟೊಂದು ಸಂಕಟ ಯಾಕೆ ಎಂದರೆ ಅದಕ್ಕೂ ಕಾರಣವಿತ್ತು. ಅವಳು ಚಿಕ್ಕ ಹುಡುಗಿಯಾಗಿದ್ದಾಗ ಅಪ್ಪ ಮನೆ ಅಡವಿಟ್ಟು ಎರಡು ಹಳೆಯ ಲೇತ್ ಯಂತ್ರ ತಂದಿದ್ದ. ಯಂತ್ರಗಳು ತಿರುಗಿದವು, ವ್ಯಾಪಾರ ತಿರುಗಲಿಲ್ಲ. ಬೀಗ ಹಾಕಲು ಬಂದವರು ಕೆಟ್ಟವರಲ್ಲ, ಕೂಗಾಡಲಿಲ್ಲ, ಮಂಚ ಇಳಿಸುವುದಕ್ಕೆ ಕೈಯನ್ನೂ ಕೊಟ್ಟರು. ಅಮ್ಮ ಮಾತ್ರ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಇಡೀ ಮನೆ ಗುಡಿಸಿ ಒರೆಸಿದಳು. "ಮುಂದೆ ಬರೋರು ನಮ್ಮನ್ನ ಗಲೀಜು ಜನ ಅನ್ನಬಾರದು," ಎಂದಳು. ನೆಲ ಆರುವ ತನಕ ಬೀಗ ಹಿಡಿದವರು ಕಾದರು. ಆಮೇಲೆ ಸೋದರಮಾವನ ಮನೆಯ ಹಿಂದಿನ ಕೋಣೆ. ಅಲ್ಲಿ ಅತ್ತೆ ಒಂದು ದಿನವೂ ಒರಟು ಮಾತಾಡಲಿಲ್ಲ. ಆದರೂ ಫ್ಯಾನು ಹಾಕುವ ಮುಂಚೆ ಅಮ್ಮ ಅತ್ತೆಯ ಮುಖ ನೋಡುತ್ತಿದ್ದಳು. ಅದನ್ನು ನೋಡಿ ಬೆಳೆದವಳಿಗೆ ಸಾಲದ ಮನೆಯಲ್ಲಿ ನಿದ್ದೆ ಹೇಗೆ ಬಂದೀತು ಹೇಳಿ!

ಯಾರನ್ನು ಕೇಳುವುದು? ಸಿಕ್ಕಿದವರನ್ನೆಲ್ಲ ಕೇಳಿದಳು. ಕಾರಿನಲ್ಲಿ ಪಕ್ಕದಲ್ಲಿ ಕೂತವರು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ.

"ಕ್ಲಚ್ ಒತ್ತಿ. ಗೇರ್ ಹಾಕಿ. ನಿಧಾನ, ನಿಧಾನ. ನೀವಾಗಿದ್ರೆ ಏನು ಮಾಡ್ತಿದ್ರಿ, ಒಂದೇ ಸಲ ಸಾಲ ತೀರಿಸ್ತಿದ್ರಾ? ಕನ್ನಡಿ ನೋಡಿ!"

ಪಾಪ, ಏರಿನ ಮೇಲೆ ಕಾರು ನಿಲ್ಲಿಸುವುದನ್ನು ಕಲಿಯುತ್ತಿದ್ದ ಆಡಿಟರು ಬೆವರು ಒರೆಸಿಕೊಳ್ಳುವುದಕ್ಕೂ ಕೈ ಬಿಡುವಿಲ್ಲದೆ ಉತ್ತರಿಸಿದರು. "ಸಾಲಕ್ಕೆ ಬಡ್ಡಿ ಎಷ್ಟು, ನಿಮ್ಮ ಠೇವಣಿಗೆ ಬಡ್ಡಿ ಎಷ್ಟು? ವ್ಯತ್ಯಾಸ ಬಹಳ ಇಲ್ಲ ಮೇಡಂ. ಮನೆ ಎಲ್ಲಿಗೂ ಓಡಿಹೋಗಲ್ಲ. ಕೈಯಲ್ಲಿ ದುಡ್ಡಿದ್ರೆ ಧೈರ್ಯ." ಅಷ್ಟು ಹೇಳುವುದರೊಳಗೆ ಕಾರು ಹಿಂದಕ್ಕೆ ಜಾರಿತು, ಬ್ರೇಕಮ್ಮ ಒತ್ತಿದಳು. ಹಿಂದಕ್ಕೆ ಜಾರುವ ಮನುಷ್ಯನ ಧೈರ್ಯದ ಮಾತು ಅವಳಿಗೆ ಹಿಡಿಸಲಿಲ್ಲ.

ಹಲ್ಲಿನ ಡಾಕ್ಟರಮ್ಮ ಮೂರು ಸಲ ಲೈಸೆನ್ಸ್ ಪರೀಕ್ಷೆಯಲ್ಲಿ ಫೇಲಾದವರು, ಮಾತು ಮಾತ್ರ ಖಡಾಖಂಡಿತ. "ನೋಯ್ತಾ ಇದೆ ತಾನೇ? ಕಿತ್ತು ಹಾಕಿ. ಆಮೇಲೆ ನಾಲಿಗೆ ನಾಲ್ಕು ದಿನ ಅಲ್ಲೇ ಹೋಗತ್ತೆ, ಅಷ್ಟೆ."

ಈ ಮಾತು ಹಿಡಿಸಿತು. ಹಿಡಿಸಿದ ಮಾತನ್ನು ಇನ್ನೊಬ್ಬರ ಬಾಯಲ್ಲೂ ಕೇಳಬೇಕೆಂದು ಅಕ್ಕನಿಗೆ ಫೋನು ಮಾಡಿದಳು. ಅಕ್ಕ ಹಳೆ ಬಟ್ಟೆಗಳಿಗೆ ಹೊಸ ಜಿಪ್ಪು ಹಾಕುವ ಅಂಗಡಿ ಇಟ್ಟವಳು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬುದ್ಧಿ ಹೇಳುವವಳು.

"ಅಲ್ವೇ, ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರೆ. ಹನ್ನೊಂದು ವರ್ಷದಿಂದ ಈರಭದ್ರ ಆಗಿ ಸುಖವಾಗಿದ್ದೀಯ. ಈಗ ಯಾಕೆ ಹೋಗಿ ಹೋಗಿ ಕೋಡಂಗಿ ಆಗ್ತೀಯ?"

"ನಿನಗೆ ನೆನಪಿಲ್ವಾ ಅಕ್ಕಾ, ಅಮ್ಮ ನೆಲ ಒರೆಸಿದ್ದು?"

ಅಕ್ಕ ಬಾಯಲ್ಲಿದ್ದ ಗುಂಡುಸೂಜಿ ತೆಗೆದಿಟ್ಟಳು. ಆಮೇಲೆ, "ನಿನ್ನ ಗಂಡ ಏನಂತಾರೆ?" ಎಂದು ಕೇಳಿದಳು.

"ಅವರದೇನಿದೆ. ಎಮ್ಮೆ ಮೇಲೆ ಮಳೆ ಸುರಿದ ಹಾಗೆ. ನಾನು ಹೂಂ ಅಂದ್ರೆ ಹೂಂ."

"ಕೇಳಿದ್ದೀಯ ತಾನೇ?"

"ಕೇಳದೇ ಇರ್ತೀನಾ!" ಎಂದು ಬ್ರೇಕಮ್ಮ ರೇಗಿದಳು.

ಕೇಳಿದ್ದಳು, ಸುಳ್ಳಲ್ಲ. ಒಂದು ಸಂಜೆ ಅವನು ಪಾಳಿ ಮುಗಿಸಿ ಬಂದು ಕಾಲು ತೊಳೆಯುತ್ತಿದ್ದಾಗ ಬಚ್ಚಲಿನ ಬಾಗಿಲಿಗೆ ಒರಗಿ ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ನಲ್ಲಿ ನಿಲ್ಲಿಸಿದ. ಟವೆಲು ತೆಗೆದುಕೊಂಡ. ಒಂದು ಕಾಲು ಒರೆಸಿದ.

"ಅಲ್ಲ ಕಣೇ, ಆ ಕಂತು ಅನ್ನೋದು ಇದೆಯಲ್ಲ, ಅದು ನನಗೆ..."

"ಗೊತ್ತು ರೀ, ಅಭ್ಯಾಸ ಆಗಿಹೋಗಿದೆ, ಭಾರ ಅನ್ನಿಸಲ್ಲ ಅಂತ ತಾನೇ? ನಿಮಗೆ ಅನ್ನಿಸಲ್ಲ, ನನಗೆ ಅನ್ನಿಸತ್ತೆ. ದಿನಾ ಎದೆ ಮೇಲೆ ಕೂತಿರತ್ತೆ."

ಅವನು ಇನ್ನೊಂದು ಕಾಲನ್ನೂ ಒರೆಸಿಕೊಂಡ.

ಮತ್ತೊಂದು ಸಲ ಊಟಕ್ಕೆ ಕೂತಾಗ ಅವನೇ ಮಾತು ತೆಗೆದ. ತಾನಾಗಿ ಮಾತು ತೆಗೆಯುವವನೇ ಅಲ್ಲ. ತಟ್ಟೆಯ ಅಂಚನ್ನು ಬೆರಳಲ್ಲಿ ಸವರುತ್ತ, "ಆ ವಿಷಯ ಯೋಚನೆ ಮಾಡಿದೆ. ಈ ಮನೇಲಿ ನಾನು..." ಎಂದ.

"ನಾವು ಈ ಮನೇಲಿ ಹಾಯಾಗಿರಬೇಕು ಅಂತಾನೇ ರೀ ನಾನೂ ಹೇಳ್ತಿರೋದು! ಕಾಯಿಲೆ ಗೀಯಿಲೆ ಬಂದ್ರೆ ಏನು ಗತಿ ಅಂತ ತಾನೇ ನಿಮ್ಮ ಯೋಚನೆ? ಮತ್ತೆ ದುಡಿಯೋಣ. ಕೈಕಾಲು ಗಟ್ಟಿ ಇದೆ."

"ನಿನ್ನಿಷ್ಟ," ಎಂದ ಅವನು. ಅದನ್ನು ಅವಳು ಒಪ್ಪಿಗೆ ಎಂದು ತೆಗೆದುಕೊಂಡು ಎರಡನೆಯ ಸಲ ಬಡಿಸಿದಳು.

ಆ ವಾರವೇ ಬ್ಯಾಂಕಿಗೆ ಹೋದರು. ಸಾಲ ಇಬ್ಬರ ಹೆಸರಿನಲ್ಲಿದ್ದುದರಿಂದ ಇಬ್ಬರ ಸಹಿಯೂ ಬೇಕಿತ್ತು. ಗಾಜಿನ ಗೋಡೆಯ ಪುಟ್ಟ ಕೋಣೆ, ತಂಪು ಗಾಳಿ, ಕಾಲಿಗೆ ತಗಲುವ ವೈರುಗಳು. ಅಧಿಕಾರಿ ಕನ್ನಡಕದ ಹೆಂಗಸು. ಒಳ್ಳೆಯ ಮಾತಿನಲ್ಲೇ ಹೇಳಿದಳು. "ಪೂರ್ತಿ ಖಾಲಿ ಮಾಡಬೇಕಾ? ಸ್ವಲ್ಪ ಕೈಯಲ್ಲಿಟ್ಕೊಂಡು ಉಳಿದಿದ್ದು ಕಟ್ಟಿ. ಕಂತು ಚಿಕ್ಕದಾಗತ್ತೆ. ಎಷ್ಟೋ ಜನ ಹಾಗೆ ಮಾಡ್ತಾರೆ."

"ಬೇಡ ಮೇಡಂ. ಬೇರು ಬಿಟ್ರೆ ಮತ್ತೆ ಚಿಗುರತ್ತೆ."

ಅಧಿಕಾರಿ ಅವನ ಕಡೆ ತಿರುಗಿದಳು. "ಸರ್, ನೀವೇನಂತೀರಿ? ನಿಮಗೆ ಒಪ್ಪಿಗೆ ತಾನೇ?"

ಅವನು ಬಾಯಿ ತೆರೆದ. "ಅವರದೇನೂ ತಕರಾರಿಲ್ಲ," ಎಂದಳು ಬ್ರೇಕಮ್ಮ. ಎಲ್ಲಿ ಸಹಿ ಹಾಕಬೇಕೆಂದು ಬೆರಳಿಟ್ಟು ತೋರಿಸಿದಳು, "ಇಲ್ಲಿ ರೀ, ಆಮೇಲೆ ಇಲ್ಲಿ." ಅವನು ತೋರಿಸಿದಲ್ಲೆಲ್ಲ ಹಾಕಿದ.

ಅವತ್ತು ಅವಳು ಮಾಡಿದ ನಿದ್ದೆಯನ್ನು ನಿದ್ದೆ ಎನ್ನಬೇಕು! ಬೆಳಗಿನ ಮೊದಲ ಬಸ್ಸಿನ ಹಾರನ್ನಿಗೂ ಎಚ್ಚರವಾಗಲಿಲ್ಲ. ಮರುದಿನವೂ ಹಾಗೇ. ಬೀದಿಯಲ್ಲಿ ಸಿಕ್ಕಿದವರಿಗೆಲ್ಲ "ಮನೆ ನಮ್ಮದಾಯ್ತು ಕಣ್ರೀ," ಎಂದು ಹೇಳಿದಳು. ಇಷ್ಟು ದಿನ ಯಾರದಾಗಿತ್ತು ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಆದರೆ ಮನಸ್ಸು ಅನ್ನುವ ಕೋತಿಗೆ ಒಂದು ಕೊಂಬೆ ಸಾಕಾಗುತ್ತದೆಯೇ? ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಚಡಪಡಿಕೆ, ಬೇರೆ ದಿಕ್ಕಿನಿಂದ. ಪರೀಕ್ಷೆಗೆ ಕಲಿಯುವವರನ್ನು ಕರೆದುಕೊಂಡು ಹೋದಾಗ ಅಲ್ಲಿನ ಇನ್ಸ್‌ಪೆಕ್ಟರು ಕಾರಿನ ಸುತ್ತ ಒಂದು ಸುತ್ತು ಬಂದು, ಬೂಟುಗಾಲಿನಿಂದ ಟೈರು ಒದ್ದು ಹೇಳಿದರು. "ನಾಲ್ಕೂ ಬೋಳಾಗಿವೆ. ಮುಂದಿನ ತಿಂಗಳು ಇದೇ ಟೈರಲ್ಲಿ ಬಂದ್ರೆ ಪರೀಕ್ಷೆ ಇಲ್ಲ, ವಾಪಸ್ ಕಳಿಸ್ತೀನಿ." ಹಿಂದೆಲ್ಲ ಆಗಿದ್ದರೆ ಸಂಜೆಯೊಳಗೆ ಹೊಸ ಟೈರು ಹಾಕಿಸುತ್ತಿದ್ದಳು. ಈಗ ಎಲ್ಲಿಂದ ತರುವುದು? ಮಗಳ ಹಾಸ್ಟೆಲಿಗೆ ಕಟ್ಟಿದರೆ ಪೆಟ್ರೋಲಿಗೆ ಇಲ್ಲ, ಪೆಟ್ರೋಲಿಗೆ ಇಟ್ಟರೆ ಹಾಸ್ಟೆಲಿಗೆ ಇಲ್ಲ. ಅತ್ತ ದರಿ, ಇತ್ತ ಪುಲಿ. ಗಂಡನಿಗೆ ಹೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಹೇಳುವುದು? ಅಕ್ಕನನ್ನೇ ಕೇಳಿದರಾಯಿತು ಎಂದುಕೊಂಡು ಮೂರು ಸಲ ಫೋನು ಕೈಗೆತ್ತಿಕೊಂಡು ಮೂರು ಸಲವೂ ಇಟ್ಟಳು. ಕೋಡಂಗಿ ಅನ್ನಿಸಿಕೊಳ್ಳುವುದಕ್ಕೆ ಇನ್ನೂ ಮನಸ್ಸು ಸಿದ್ಧವಿರಲಿಲ್ಲ.

ಈ ಗದ್ದಲದಲ್ಲಿ ಗಂಡನ ಕಡೆ ನೋಡುವುದಕ್ಕೆ ಅವಳಿಗೆ ಪುರುಸೊತ್ತು ಸಿಗಲಿಲ್ಲ. ಅವನು ಮೊದಲೇ ಮಾತಾಡುವವನಲ್ಲ, ಈಗ ಇರುವುದೇ ಗೊತ್ತಾಗುತ್ತಿರಲಿಲ್ಲ. ಪಾಳಿ ಮುಗಿದರೂ ಪಂಪ್‌ಹೌಸಿನಲ್ಲೇ ಕೂತಿರುತ್ತಿದ್ದ. ಒಂದು ಭಾನುವಾರ ಸುತ್ತಿಗೆ ಹಿಡಿದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಆ ಗೋಡೆಗೆ ಒಂದು ಮೊಳೆ ಹೊಡೀಲಾ? ಶರ್ಟು ತೂಗುಹಾಕೋಕೆ."

"ಹೊಡೀರಿ. ಅದನ್ನೂ ನನ್ನ ಕೇಳಬೇಕಾ?"

"ಕೇಳಿದ್ರೆ ಒಳ್ಳೇದು ಅಂತ," ಎಂದು ಹೋದ. ಸುತ್ತಿಗೆಯ ಸದ್ದು ಮಾತ್ರ ಕೇಳಲಿಲ್ಲ. ಸಂಜೆ ನೋಡಿದರೆ ಶರ್ಟು ಎಂದಿನಂತೆ ಕುರ್ಚಿಯ ಬೆನ್ನ ಮೇಲೆಯೇ ಇತ್ತು.

ತಿಂಗಳು ತಿರುಗಿ ಸಂಬಳದ ದಿನ ಬಂತು. ಅವಳು ಮೇಜಿನ ಮೇಲೆ ಮಡಿಸುವ ಬಟ್ಟೆಗಳನ್ನು ಹರಡಿಕೊಂಡು ಕೂತಿದ್ದಳು. ಅವನು ಬಂದವನೇ ಜೇಬಿನಿಂದ ದುಡ್ಡಿನ ಕಟ್ಟು ತೆಗೆದು ಬಟ್ಟೆಗಳ ನಡುವೆ ಇಟ್ಟ. ಎಣಿಸುವುದೇ ಬೇಕಿರಲಿಲ್ಲ. ಇಷ್ಟು ವರ್ಷ ಕಂತಿಗೆ ಹೋಗುತ್ತಿದ್ದದ್ದು ಎಷ್ಟೋ ಅಷ್ಟೇ.

"ಏನಿದು?"

"ಇಟ್ಕೋ."

"ಯಾಕೆ ರೀ?"

"ಮನುಷ್ಯ ಅಂದ ಮೇಲೆ ಇರೋ ಜಾಗಕ್ಕೆ ಏನಾದ್ರೂ ಕೊಡಬೇಕಲ್ಲ."

ಅವಳು ನಕ್ಕಳು. "ಓಹೋ, ಬಾಡಿಗೆನಾ?" ಎಂದಳು. ಅವನೂ ನಗುತ್ತಾನೆ ಎಂದುಕೊಂಡಿದ್ದಳು. ಅವನು ನಗಲಿಲ್ಲ.

"ಏನಾಯ್ತು ರೀ ನಿಮಗೆ? ಕಂತು ತಪ್ಪಿತಲ್ಲ, ಖುಷಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವನ ಮುಖ ನೋಡಿದ ಮೇಲೆ ಮುಂದಿನ ಮಾತು ಯಾವುದೆಂದು ಅವಳಿಗೆ ನಿಜಕ್ಕೂ ಗೊತ್ತಿರಲಿಲ್ಲ.

ಅವನು ನಿಧಾನವಾಗಿ ಹೇಳಿದ. ಒಂದು ಮಾತು, ಒಂದು ಬಿಡುವು. "ಮಗಳ ಫೀಸು ನೀನು ಕಟ್ತೀಯ. ಅಡುಗೆ ಸಾಮಾನು ನೀನು ತರ್ತೀಯ. ಬೀದಿಯೋರು ಇದನ್ನ ಬ್ರೇಕಮ್ಮನ ಮನೆ ಅಂತಾರೆ, ನನ್ನನ್ನ ಬ್ರೇಕಮ್ಮನ ಯಜಮಾನ್ರು ಅಂತಾರೆ. ನನಗೆ ಅದರಲ್ಲಿ ಒಂಚೂರೂ ಬೇಜಾರಿರಲಿಲ್ಲ, ನಿನ್ನಾಣೆ. ಆದ್ರೆ ಆ ಕಂತು ನನ್ನದಾಗಿತ್ತು. ಪಂಪ್‌ಹೌಸಲ್ಲಿ ಹುಡುಗರು, ಏನಣ್ಣ, ಅರ್ಧ ಸಂಬಳ ಹೊರಟೇಹೋಯ್ತಲ್ಲ ಅಂತ ಕಾಡಿಸೋರು. ನಾನು, ಹೌದಪ್ಪ, ಮನೆಗೆ ಅಂತಿದ್ದೆ. ಹೇಳುವಾಗ ಒಂದು ಥರ ಇರೋದು. ನೀನು ಸಾಲ ತೀರಿಸ್ದೆ. ಸಂತೋಷ. ನನಗೆ ಮಾತ್ರ ಕೆಲಸದಿಂದ ತೆಗೆದ ಹಾಗಾಯ್ತು."

"ಮೊದಲೇ ಹೇಳಬಾರದಿತ್ತಾ?" ಎಂದಳು ಅವಳು.

"ಹೇಳೋಕೆ ಬಂದಿದ್ದೆ."

ಹೌದು, ಬಂದಿದ್ದ. ಬಚ್ಚಲಲ್ಲಿ ಬಂದಿದ್ದ, ತಟ್ಟೆಯ ಮುಂದೆ ಬಂದಿದ್ದ, ಬ್ಯಾಂಕಿನಲ್ಲಿ ಬೇರೆಯವರೇ ಕೇಳಿದಾಗಲೂ ಬಾಯಿ ತೆರೆದಿದ್ದ. ಬ್ರೇಕಮ್ಮನಿಗೆ ನಾಚಿಕೆಯಾಯಿತು. ಬರೀ ನಾಚಿಕೆಯಲ್ಲ, ಭಯವೂ ಆಯಿತು. ಯಾವ ಮನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಿಕೊಂಡು ಬದುಕಬಾರದು ಎಂದು ಅವಳು ಇಷ್ಟು ವರ್ಷ ಹಿಡಿಹಿಡಿಯಾಗಿ ಎತ್ತಿಟ್ಟಿದ್ದಳೋ, ಆ ಮನೆಯಲ್ಲಿ ಒಂದು ಮೊಳೆ ಹೊಡೆಯಲು ತನ್ನ ಗಂಡ ತನ್ನ ಮುಖ ನೋಡಿದ್ದ. ಕಟ್ಟಿದ ದುಡ್ಡು ವಾಪಸು ಬರುವುದಿಲ್ಲ. ಈ ಕಟ್ಟನ್ನು ತೆಗೆದುಕೊಂಡರೆ ಅವನು ಬಾಡಿಗೆದಾರ, ಬೇಡ ಎಂದು ತಳ್ಳಿದರೆ ಅದೂ ಅಲ್ಲ.

ಅಷ್ಟು ಹೊತ್ತು ಅವಳು ಸುಮ್ಮನೆ ಕೂತದ್ದನ್ನು ಅವನು ಮದುವೆಯಾದ ಮೇಲೆ ನೋಡಿರಲಿಲ್ಲ.

"ರೀ," ಎಂದಳು ಕೊನೆಗೆ, "ನನ್ನ ಹತ್ರ ಒಂದು ಕಾಸಿಲ್ಲ."

"ಹಾಂ?"

"ಎಲ್ಲ ಬಳಿದು ಕಟ್ಟಿಬಿಟ್ಟೆ. ಕಾರಿನ ಟೈರು ನಾಲ್ಕೂ ಹೋಗಿವೆ. ಬದಲಾಯಿಸದಿದ್ರೆ ಪರೀಕ್ಷೆ ಮಾಡಲ್ಲ ಅಂದಿದ್ದಾರೆ. ನಿಮಗೆ ಹೇಳೋಕೆ ಮುಖ ಇರಲಿಲ್ಲ, ಅಕ್ಕನ ಹತ್ರ ಕೇಳೋಣ ಅಂತಿದ್ದೆ. ನನಗೆ ಹೆದರಿಕೆ ಆಗ್ತಿದೆ ರೀ. ಏನು ಮಾಡಬೇಕೋ ಗೊತ್ತಾಗ್ತಿಲ್ಲ."

ಇದು ಅವನನ್ನು ಸಮಾಧಾನ ಮಾಡುವುದಕ್ಕೆ ಹೂಡಿದ ಉಪಾಯವಲ್ಲ. ಅವಳಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಹೇಳುತ್ತ ಹೇಳುತ್ತ ಅಳು ಬಂತು, ಕೈಯಲ್ಲಿದ್ದ ಅವನದೇ ಬನಿಯನ್ನಿನಲ್ಲಿ ಮೂಗು ಒರೆಸಿಕೊಂಡಳು.

ಅವನು ಬಾಗಿಲ ಕಡೆ ತಿರುಗಿದ. "ಯಾವಾಗಿಂದ ಹಾಗಿದೆ ಟೈರು?" ಎಂದ.

"ಮೂರು ನಾಲ್ಕು ವಾರ."

"ತೋರಿಸು ನಡಿ."

ಕಬ್ಬಿಣದ ಮೆಟ್ಟಿಲನ್ನು ಅವನು ದಡದಡ ಇಳಿದ. ಅವನ ಹಿಂದೆ ಅವಳು ಇಳಿದಳು. ಡಿಪೋ ಬಿಟ್ಟ ಹೊತ್ತು, ಬೀದಿ ತುಂಬ ಜನ. ಅವನು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರನ್ನು ಅಂಗೈಯಿಂದ ಸವರಿದ. ಎದ್ದು ಹಿಂದಿನದನ್ನು ನೋಡಿದ. ಎಲ್ಲೋ ಒಂದು ಕಡೆ ಒಳಗಿನ ತಂತಿ ಅವನ ಬೆರಳಿಗೆ ತಗಲಿತು.

"ತಲೆ ಕೆಟ್ಟಿದೆಯಾ ನಿನಗೆ?" ಎಂದ ಅವನು. ಹೇಳಿದ್ದಲ್ಲ, ಕೂಗಿದ. "ತಂತಿ ಹೊರಗೆ ಬಂದಿದೆ! ಇದರಲ್ಲಿ ಊರವರ ಮಕ್ಕಳನ್ನ ಕೂರಿಸ್ಕೊಂಡು ಏರು ಹತ್ತಿಸ್ತಿದ್ದೀಯಾ? ನೀನು ಸತ್ತರೆ ಆ ಮನೆ ಪತ್ರ ಇಟ್ಕೊಂಡು ನಾನೇನು ಮಾಡಲಿ? ಹಂ? ಕಾಯಿಸಿ ಕುಡೀಲಾ? ಕೊಡು ಬೀಗದ ಕೈ. ನಾಳೆ ರಜ ಹಾಕ್ತೀನಿ, ಮೇಲಿಟ್ಟ ಆ ದುಡ್ಡಲ್ಲಿ ನಾನೇ ಟೈರು ಹಾಕಿಸ್ಕೊಂಡು ಬರ್ತೀನಿ. ಅಲ್ಲೀವರೆಗೂ ಈ ಕಾರು ಮುಟ್ಟಿದ್ರೆ ನೋಡು!"

ಪಂಪ್‌ಹೌಸಿನವನಿಗೆ ಇಷ್ಟು ದೊಡ್ಡ ಗಂಟಲಿದೆ ಎಂದು ಬೀದಿಗೆ ಅವತ್ತೇ ಗೊತ್ತಾದದ್ದು. ಎದುರು ಮನೆಯ ಕಿಟಕಿ ತೆರೆಯಿತು, ಡಿಪೋದವರು ನಿಂತು ನೋಡಿದರು. ಬ್ರೇಕಮ್ಮ ಬೀಗದ ಕೈ ಕೊಟ್ಟಳು. ನಡುಬೀದಿಯಲ್ಲಿ, ಊರೆಲ್ಲ ನೋಡುವ ಹಾಗೆ ಬೈಸಿಕೊಳ್ಳುತ್ತ ನಿಂತವಳಿಗೆ, ಸಾಲ ತೀರಿತೆಂದು ಬ್ಯಾಂಕಿನವರು ಪತ್ರ ಕೊಟ್ಟ ದಿನ ಸಿಗದಿದ್ದದ್ದೇನೋ ಸಿಕ್ಕಿದಂತಾಗಿ, ಇನ್ನೂ ನಾಲ್ಕು ಮಾತು ಬೈಯಲಿ, ನಿಲ್ಲಿಸದಿರಲಿ ಅನ್ನಿಸಿತು.